ಗಿಣಿಯ ಕೈಮೇಲಿನ ನಕ್ಷತ್ರ

ಎರಡನೇ ತರಗತಿಯ ಟೀಚರಮ್ಮ ಯಾರನ್ನೂ ಗದರಿದವರಲ್ಲ. ಮಕ್ಕಳನ್ನು ಹೊಗಳಿ ಬೆಳೆಸಬೇಕು, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎಂಬುದು ಅವರ ನಂಬಿಕೆ. ಪಾಠದ ಹೊತ್ತಿನಲ್ಲಿ ಸದ್ದಿಲ್ಲದೆ ಕೂತ ಮಗುವಿನ ಮಣಿಕಟ್ಟಿನ ಮೇಲೆ ಕೆಂಪು ಪೆನ್ನಿನಿಂದ ಒಂದು ನಕ್ಷತ್ರ ಬರೆದು, "ನನ್ನ ಬಂಗಾರ" ಎಂದು ತಲೆ ಸವರುತ್ತಿದ್ದರು.

ಆ ನಕ್ಷತ್ರಕ್ಕೆ ಎಲ್ಲರಿಗಿಂತ ಹೆಚ್ಚು ಮನಸೋತವಳು ಗಿಣಿ. ಬೆಂಚು, ಗೋಡೆ, ಚಪ್ಪಲಿಯ ಜೊತೆಗೂ ಮಾತಾಡುತ್ತಿದ್ದ ಹುಡುಗಿಗೆ ಆ ಹೆಸರಿಟ್ಟವರೂ ಟೀಚರಮ್ಮನೇ. ಕೆಲವೇ ವಾರಗಳಲ್ಲಿ ಅವಳು ತುಟಿ ಬಿಗಿದು ಕೂರುವುದನ್ನು ಕಲಿತಳು. ಟೀಚರಮ್ಮ ಮನಸ್ಸಿನಲ್ಲೇ ದೇವರಿಗೆ ಕೈಮುಗಿದರು.

ಒಂದು ಸಂಜೆ ಅಜ್ಜಿ ಗಿಣಿಯನ್ನು ಕರೆದುಕೊಂಡು ಬಂದರು. "ಮನೇಲೂ ಬಾಯಿ ಬಿಡ್ತಿಲ್ಲ ಟೀಚರಮ್ಮ. ಹಸಿವಾದ್ರೂ ಹೇಳಲ್ಲ. ಮೊದ್ಲು ಇವಳ ವಟವಟ ತಡೀಲಾರದೆ ನಾನೇ ಕಿವಿಗೆ ಹತ್ತಿ ಇಟ್ಕೊಳ್ತಿದ್ದೆ. ಆ ಹತ್ತೀನೇ ದೇವರು ಇವಳ ಬಾಯಿಗೆ ತುರುಕಿದನೋ ಏನೋ."

ಟೀಚರಮ್ಮ ಗಿಣಿಯ ಮುಂದೆ ಮಂಡಿಯೂರಿ ಕೂತು, "ಏನಾದ್ರೂ ಮಾತಾಡು ಪುಟ್ಟಿ. ಒಂದಲ್ಲ, ಎರಡು ನಕ್ಷತ್ರ ಹಾಕ್ತೀನಿ" ಎಂದರು.

ನಕ್ಷತ್ರ ಬೇಕಾದರೆ ಏನು ಮಾಡಬೇಕೆಂದು ಗಿಣಿಗೆ ಚೆನ್ನಾಗಿ ಗೊತ್ತಿತ್ತು. ತುಟಿಯನ್ನು ಇನ್ನಷ್ಟು ಬಿಗಿದು, ಕೈ ಮುಂದೆ ಚಾಚಿ ನಿಂತಳು. ಟೀಚರಮ್ಮ ಬೇಡಿಕೊಂಡರು, ಕಥೆ ಹೇಳಿದರು, ತಾವೇ ಅವಳಂತೆ ವಟಗುಟ್ಟಿ ತೋರಿಸಿದರು. ಚಾಚಿದ ಕೈ ನಡುಗತೊಡಗಿತೇ ಹೊರತು ತುಟಿ ಸಡಿಲವಾಗಲಿಲ್ಲ.

"ಹಾಕ್ಬಿಡಿ ಟೀಚರಮ್ಮ" ಎಂದರು ಅಜ್ಜಿ ಕೊನೆಗೆ. "ಮಗು ಕೈ ಸೋತುಹೋಯ್ತು."

ಟೀಚರಮ್ಮ ಪೆನ್ನಿನ ಮುಚ್ಚಳ ತೆಗೆದು ನಕ್ಷತ್ರ ಬರೆದರು. ಗಿಣಿ ಸದ್ದಿಲ್ಲದೆ ನಕ್ಕಳು.