ಲೋಲಕ ಮೇಷ್ಟ್ರು

ನಿಂತ ಕಡೆ ನಿಂತು ಪಾಠ ಹೇಳುವುದು ಮೇಷ್ಟ್ರ ಜಾತಕದಲ್ಲೇ ಬರೆದಿರಲಿಲ್ಲ. ಲಿಫ್ಟುಗಳನ್ನು ತಯಾರಿಸಿ, ಕೂಡಿಸಿ, ರಿಪೇರಿ ಮಾಡುವ ಆ ದೊಡ್ಡ ಕಂಪನಿಯ ತರಬೇತಿ ಕೊಠಡಿಯಲ್ಲಿ, ಮೊಣಕೈ ಸವೆದ ನೀಲಿ ಕೋಟು ತೊಟ್ಟು, ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡು, ಕಿಟಕಿಯಿಂದ ಬಾಗಿಲಿಗೂ ಬಾಗಿಲಿನಿಂದ ಕಿಟಕಿಗೂ ಅವರು ತೂಗುತ್ತಿದ್ದ ಪರಿಯನ್ನು ಕಂಡು ಮೆಕ್ಯಾನಿಕ್‌ಗಳು ಇಟ್ಟ ಹೆಸರು 'ಲೋಲಕ ಮೇಷ್ಟ್ರು'. ಪ್ರತಿ ತಿರುವಿನಲ್ಲೂ ಅರೆಕ್ಷಣ ತಡೆದು, "ಎಲ್ಲೀವರೆಗೆ ಬಂದ್ವಿ?" ಎಂದು ಕೇಳುವುದು ಅವರ ರೂಢಿ; ಉತ್ತರಕ್ಕಾಗಿ ಅಲ್ಲ, ಎದುರಿನ ಕಣ್ಣುಗಳನ್ನು ಓದುವುದಕ್ಕಾಗಿ.

ಇಂಥವರ ಮುಂದೆ ಕಂಪನಿ ಒಂದು ದಿನ ಕ್ಯಾಮೆರಾ ತಂದಿಟ್ಟಿತು. ದೂರದ ಶಾಖೆಗಳವರೆಲ್ಲ ಇನ್ನು ಆನ್‌ಲೈನಿನಲ್ಲೇ ಕಲಿಯತಕ್ಕದ್ದೆಂದು ಆಜ್ಞೆಯಾಗಿತ್ತು. ಮೊದಲ ವಿಡಿಯೊದಲ್ಲಿ ಮೇಷ್ಟ್ರು ಆಗಾಗ ಬಂದು ಹೋಗುವ ನೆಂಟರಂತೆ ಕಾಣಿಸಿಕೊಂಡರು. ಉಳಿದಂತೆ ಖಾಲಿ ಹಲಗೆ ಮತ್ತು ಅಶರೀರವಾಣಿ. ಕುರ್ಚಿಯಲ್ಲಿ ಕೂರಿಸಿದಾಗ ಮಾತೇ ನಿಂತುಹೋಯಿತು. "ಇದು ಗೋರ್ಕಲ್ಲ ಮೇಲೆ ಮಳೆ ಕರೆದ ಹಾಗಪ್ಪ," ಎಂದು ಚಿತ್ರೀಕರಣದವನಿಗೆ ಹೇಳಿ ಎದ್ದುಹೋದರು. ಆದರೂ ಮರುದಿನ ತಾವೇ ಬಂದು ಕೂತರು.

ಆ ಪಾಠಗಳಿಗಾಗಿ ಬಾಯಾರಿದವಳಂತೆ ಕಾದಿದ್ದವಳು ದೂರದ ಶಾಖೆಯ ಒಬ್ಬ ಸಹಾಯಕಿ. ತರಬೇತಿಗೆಂದು ವಾರಗಟ್ಟಲೆ ಮುಖ್ಯ ಕಚೇರಿಯಲ್ಲಿ ಉಳಿಯಲು ತೊಟ್ಟಿಲ ಕೂಸು ಬಿಟ್ಟಿರಲಿಲ್ಲ. ತರಬೇತಿಯಿಲ್ಲದೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಮೆಕ್ಯಾನಿಕ್ ಹುದ್ದೆಯಿಲ್ಲ. ಜೊತೆಗೆ ಸೇರಿದವರು ಮುಂದೆ ಹೋದರೂ ಅವಳು ಅವರಿಗೆ ಸ್ಪ್ಯಾನರ್ ಎತ್ತಿಕೊಡುವವಳಾಗಿಯೇ ಉಳಿದಿದ್ದಳು. ಈಗ ಅಡುಗೆಮನೆಯ ಕಟ್ಟೆಯ ಮೇಲೆ ಫೋನನ್ನು ಒರಗಿಸಿಟ್ಟು ಪಾಠ ಕೇಳತೊಡಗಿದಳು.

ಒಂದು ಮಧ್ಯಾಹ್ನ ಮೇಷ್ಟ್ರೇ ಫೋನು ಮಾಡಿದರು. "ಬ್ರೇಕಿನ ಪಾಠ ಪದೇಪದೇ ನಿಲ್ಲಿಸಿದ್ದೀಯಂತೆ, ಕಂಪ್ಯೂಟರ್ ಹೇಳ್ತಿದೆ. ಎಲ್ಲಿ ತೊಡಕಾಯ್ತಮ್ಮ?"

"ತೊಡಕೇನಿಲ್ಲ ಮೇಷ್ಟ್ರೇ. ಮಗು ಅಳ್ತಿತ್ತು."

ಆ ಕಡೆ ಮೇಷ್ಟ್ರು ನಕ್ಕುಬಿಟ್ಟರು. "ಇಷ್ಟು ವರ್ಷದಲ್ಲಿ ನನ್ನ ಮಾತನ್ನ ಯಾರೂ ತಡೆದಿರಲಿಲ್ಲ. ಒಳ್ಳೇದೇ ಆಯ್ತು ಬಿಡು." ಆ ವಾರವೇ ಅವರು ಉದ್ದುದ್ದದ ಪಾಠಗಳನ್ನೆಲ್ಲ ಒಂದೊಂದು ಜೋಗುಳದಷ್ಟಕ್ಕೆ ಒಡೆದು, ಮೊದಲಿನಿಂದ ಹೇಳಿದರು.

ಆ ಸಲಿಗೆಯಲ್ಲೇ ಅವಳು, ಇನ್ಯಾರಲ್ಲೂ ಕೇಳಲು ನಾಚುತ್ತಿದ್ದ ಸಂದೇಹವನ್ನು ಮುಂದಿಟ್ಟಳು: ಕರೆಂಟು ತೆಗೆದರೆ ಬ್ರೇಕೂ ಬಿಟ್ಟುಹೋಗುವುದಿಲ್ಲವೆ? ಮೇಷ್ಟ್ರು ವಿಡಿಯೊ ಕರೆ ಮಾಡಿ, ಬಟ್ಟೆಗೆ ಹಾಕುವ ಕ್ಲಿಪ್ಪೊಂದನ್ನು ಅದುಮಿ ಬಾಯಿ ತೆರೆಸಿದರು. "ನನ್ನ ಬೆರಳು ಕರೆಂಟು ಅಂದ್ಕೋ. ಇದಿರೋವರೆಗೂ ಬಾಯಿ ತೆರೆದಿರುತ್ತೆ." ಬೆರಳು ಸಡಿಲಿಸಿದರು, ಕ್ಲಿಪ್ಪು ಅವರ ಕೋಟಿನ ಅಂಚನ್ನು ಕಚ್ಚಿತು. "ಹಿಡಿಯೋದು ಸ್ಪ್ರಿಂಗು ತಾಯಿ. ಕರೆಂಟು ಹೋದಾಗಲೇ ಅದು ಹಿಡಿಯೋದು."

ಪರೀಕ್ಷೆ ಮುಗಿಸಿ ಮೆಕ್ಯಾನಿಕ್ ಆದ ಮೇಲೆ, ಹಳೆಯ ಕಟ್ಟಡವೊಂದರಲ್ಲಿ ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನಿಂದ ಅಜ್ಜಿ-ಮೊಮ್ಮಗಳಿಬ್ಬರನ್ನೂ ಇಳಿಸುವ ಹೊಣೆ ಅವಳ ಪಾಲಿಗೆ ಬಂತು. ಕರೆಂಟು ತೆಗೆದು, ಬ್ರೇಕನ್ನು ಕೈಯಿಂದ ಇಷ್ಟಿಷ್ಟೇ ಸಡಿಲಿಸಿ, ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತಂದು ಬಾಗಿಲು ತೆರೆದಳು. ಅಜ್ಜಿ ಅವಳ ಗಲ್ಲ ಸವರಿ ಹೋದ ಮೇಲೆ, ಮೆಟ್ಟಿಲ ಮೇಲೆ ಕೂತು ಫೋನು ಮಾಡಿದಳು.

"ಇಬ್ಬರೂ ಹೊರಗೆ ಬಂದ್ರು ಮೇಷ್ಟ್ರೇ. ನಿಮ್ಮಿಂದಾನೇ."

"ನಾನೆಲ್ಲಿದ್ದೆ ಅಲ್ಲಿ? ಕೈ ನಡುಗಿತಾ?"

"ಆಮೇಲೆ ನಡುಗ್ತು."

"ಆಮೇಲೆ ನಡುಗಬಹುದು. ಹೋಗು, ಊಟ ಮಾಡು."

ಅವರನ್ನು ಅವಳು ಇಂದಿಗೂ ಮುಖಾಮುಖಿ ಕಂಡಿಲ್ಲ. ಕಲಿಸುವವರಲ್ಲಿ ಇಂಥದೊಂದು ಕುಲವಿದೆ: ಒಗ್ಗಿದ ಕೊಠಡಿ ಕೈತಪ್ಪಿದರೆ ಗೊಣಗುತ್ತಾರೆ, ಮುನಿಯುತ್ತಾರೆ, ಕೊನೆಗೆ ಕಲಿಯುವವರು ಇರುವಲ್ಲಿಗೆ ತಾವೇ ಹೊರಡುತ್ತಾರೆ. ಅವರ ಋಣ ತೀರುವಂಥದಲ್ಲ. ಇನ್ನೊಬ್ಬರಿಗೆ ಹೇಳಿಕೊಟ್ಟು ಅದನ್ನು ಕೊಂಚ ಹಗುರ ಮಾಡಿಕೊಳ್ಳಬಹುದು, ಅಷ್ಟೇ.