ಬೇಲಿ ಕಿತ್ತ ಮರುದಿನ

ಗಾಳಿಗೆ ಚಾದರದ ಮೂಲೆ ಮತ್ತೆ ಎದ್ದಿತು, ಕೆಟಲ್ ಇಡಬೇಕು ಅದರ ಮೇಲೆ, ಇಟ್ಟಳು ಆಲ್ಮಾ, ಇನ್ನೊಂದು ಮೂಲೆಗೆ ಜ್ಯಾಮಿನ ಬಾಟಲಿ, ಎಪ್ಪತ್ತಾರು ವರ್ಷದಿಂದ ಇದೇ ಹಾಳು ಗಾಳಿ, ಸೈನ್ಯಗಳು ಬಂದವು, ಹೋದವು, ಇದೊಂದು ಹೋಗಲಿಲ್ಲ — ಅಯ್ಯೋ, ಇದೇನಿದು, ಎಡಕ್ಕೆ ನೋಡಿದರೆ ಮೇವಿಸ್ ಕೂತಿದ್ದಾಳೆ, ಅವಳಾಚೆ ಬೇಕರಿಯ ಗಂಡಹೆಂಡತಿ, ಬಲಕ್ಕೆ ಹಳೇ ಪೋಸ್ಟ್‌ಮಾಸ್ಟರ್, ದ್ವೀಪದ ಈ ಸ್ಟಾನ್ಲಿ ಊರಲ್ಲಿ ಅರವತ್ತು ದಾಟಿದವರೆಲ್ಲ ದಾರ ಹಿಡಿದು ಕೂರಿಸಿದ ಹಾಗೆ ಒಂದೇ ಸಾಲು, ಎಲ್ಲರ ಚಾದರದ ಅಂಚೂ ಸರಿಯಾಗಿ ಬೀಚಿನ ಮುಳ್ಳುತಂತಿ ಇದ್ದ ಗೆರೆಗೆ. ನಿನ್ನೆ ಕಿತ್ತ ಬೇಲಿ ಅದು, ಕಂಬದ ಗುಳಿ ಕೂಡ ಮುಚ್ಚಿದ್ದಾರೆ, ಇಲ್ಲೇ ಕೂರಿ ಅಂತ ಯಾರೂ ಹೇಳಲಿಲ್ಲ. ಮೊಮ್ಮಕ್ಕಳೆಲ್ಲ ಆಗಲೇ ನೀರಿಗಿಳಿದು ಕಿರುಚುತ್ತಿವೆ, ಮುದುಕರು ಮಾತ್ರ ಇಲ್ಲದ ತಂತಿಗೆ ಮೊಣಕೈ ತಾಗದಂತೆ ಹುಷಾರಾಗಿ ಕೇಕು ತಿನ್ನುತ್ತಿದ್ದಾರೆ. ನೋಡೇ, ಅಂತ ಅವಳ ಗಂಡ ವಿಲ್ಫ್ ಹೊಟ್ಟೆ ಹಿಡಿದು ನಗುತ್ತಾನೆ, ನಮ್ಮನ್ನೆಲ್ಲ ಒಗೆದು ಒಣಗಹಾಕಿದಂಗಿದೆ. ನಗಬೇಡ, ಉಸಿರು ಕಟ್ಟುತ್ತೆ, ಅಂದಳು. ಅವನು ನಕ್ಕರೂ ಅವಳಿಗೆ ಹೆದರಿಕೆ ಈಗ, ಗುರುವಾರದ ವಿಮಾನಕ್ಕೆ ಹೋಗುತ್ತಾನೆ, ದೊಡ್ಡ ಆಸ್ಪತ್ರೆಗೆ ಹದಿನೆಂಟು ಗಂಟೆಯ ದಾರಿ, ಎದೆ ಕುಯ್ಯಿಸಿಕೊಳ್ಳಲು, ಎಂಬತ್ತೊಂದನೇ ವಯಸ್ಸಿಗೆ, ಅವನ ಜೊತೆ ಮಗಳು, ಆಲ್ಮಾಳ ಸೊಂಟಕ್ಕೆ ಆ ಪ್ರಯಾಣ ಆಗದು. ವಾಪಸ್ ಬರ್ತಾರಾ ಅಂತ ಕೇಳಿದ್ದಕ್ಕೆ ಡಾಕ್ಟರಮ್ಮ ಕಿಟಕಿ ಕಡೆ ನೋಡಿದಳಲ್ಲ, ಸಾಕು, ಅದೇ ಉತ್ತರ. ಇವನು ಕೇಳಿದ್ದು ಒಂದೇ — ಹೋಗೋ ಮುಂಚೆ ಒಂದ್ಸಲ ನೀರಿನ ತನಕ ಹೋಗಿ ಬರೋಣ ಆಲ್ಮಾ, ನೀನೂ ನಾನೂ, ಮದುವೆಗೆ ಮುಂಚೆ ಹೋಗ್ತಿದ್ದಂಗೆ.

ಹೂಂ ಅಂದಿದ್ದಳು ಮನೆಯಲ್ಲಿ, ಒಲೆಯ ಪಕ್ಕ ಕೂತು ಹೂಂ ಅನ್ನುವುದೇನು ಮಹಾ. ಇಲ್ಲಿ ಕಾಲು ಏಳುತ್ತಿಲ್ಲ. ಈ ಮಣ್ಣಿಗೆ ಮೊದಲು ಫ್ರೆಂಚರು ಬಂದರಂತೆ, ಆಮೇಲೆ ಸ್ಪೇನಿನವರು, ಇಂಗ್ಲಿಷರು, ಆಚೆ ದಡದ ಅರ್ಜೆಂಟೀನಾದವರು ಈಗಲೂ ನಮ್ಮದೇ ಅನ್ನುತ್ತಾರೆ, ಬಾವುಟ ಏರುವುದು ಇಳಿಯುವುದು ನಡೆದೇ ಇತ್ತು, ಅವಳ ತಾತನ ಕಡೆಯವರು ಬಗ್ಗಿದ ಬೆನ್ನು ಎತ್ತದೆ ಕುರಿಯ ಉಣ್ಣೆ ಕತ್ತರಿಸುತ್ತಿದ್ದರು, ಕುರಿ ಕಂಪನಿಯದು, ಮನೆ ಕಂಪನಿಯದು, ಬೂಟೊಂದು ತನ್ನದು ಅನ್ನುತ್ತಿದ್ದ ತಾತ, ಪಾಪ, ಎಷ್ಟು ಉಜ್ಜುತ್ತಿದ್ದ ಆ ಬೂಟನ್ನು. ಎಂಬತ್ತೆರಡನೇ ಇಸವಿಯಲ್ಲಿ ಅರ್ಜೆಂಟೀನಾದವರು ಬಂದು ಈ ಬೀಚಿನ ತುಂಬ ಕಾಲಿಟ್ಟರೆ ಸಿಡಿಯುವ ಮದ್ದು ಹೂತರು, ಹೂತವರೂ ಚಳಿಗೆ ಹಲ್ಲು ಕಟಕಟಿಸುತ್ತಿದ್ದರು, ಅವರ ತಾಯಂದಿರು ಏನಂದುಕೊಂಡರೋ, ಎರಡೂವರೆ ತಿಂಗಳಿಗೆ ಯುದ್ಧ ಮುಗಿಯಿತು, ಬೇಲಿ ಉಳಿಯಿತು. ಮರುವರ್ಷ ಬ್ಲೂಬೆಲ್, ಹಾಲು ಕೊಡುವ ಹಸು, ಮಗುವಿನಂಥ ಹಸು, ತಂತಿಯಡಿ ನುಸುಳಿ ಹೋಯಿತು, ಬಾರೇ ಬಾರೇ ಅಂತ ಬಕೆಟ್ ಬಡಿಯುತ್ತಾ ಹಿಂದೆ ನುಗ್ಗಿದ ಆಲ್ಮಾಳ ಕೋಟಿನ ಕಾಲರು ಹಿಡಿದು ವಿಲ್ಫ್ ಎಳೆದ, ಇಬ್ಬರೂ ದೊಪ್ಪನೆ ಹಿಂದಕ್ಕೆ ಬಿದ್ದರು, ಆಮೇಲೆ ಸದ್ದು. ಬೇಲಿ ಹಾಕಿದ ಮೇಲೆ ಮೂವತ್ತೆಂಟು ವರ್ಷ ಈ ಮರಳು ಪೆಂಗ್ವಿನ್‌ಗಳದ್ದು, ಅವಕ್ಕೆ ತೂಕವಿಲ್ಲ, ಏನೂ ಆಗುವುದಿಲ್ಲ, ಕ್ರಿಸ್‌ಮಸ್ಸಿಗೆ ಬುತ್ತಿ ಕಟ್ಟಿಕೊಂಡು ಬಂದು ಬೇಲಿಯ ಈಚೆ ಕೂತು ಅವು ಈಜುವುದನ್ನು ನೋಡಿದ್ದೇ ನೋಡಿದ್ದು.

ಅಮ್ಮಾ, ಇನ್ನೂ ಇಲ್ಲೇ ಕೂತಿದ್ದೀರಾ, ಅಂತ ತೆಂದಾಯಿ ಬಂದ, ಜಿಂಬಾಬ್ವೆಯಿಂದ ಸಿಡಿಮದ್ದು ತೆಗೆಯಲು ಬಂದವನು, ಇಲ್ಲಿಯವಳನ್ನೇ ಮದುವೆಯಾಗಿ ಉಳಿದುಬಿಟ್ಟ. ಇಡೀ ಬೀಚನ್ನ ಮಂಡಿ ಮೇಲೆ ಕೂತು ಕೆದಕಿದೀನಿ, ನನ್ನ ಮಂಡಿ ಮೇಲಾದ್ರೂ ನಂಬಿಕೆ ಇಡಿ. ನಿನ್ನ ಮಂಡಿ ಮೇಲೆ ನಂಬಿಕೆ ಇದೆ ಕಣಪ್ಪಾ, ನನ್ನ ಕಾಲು ಕೇಳ್ತಿಲ್ಲ. ಅಷ್ಟರಲ್ಲಿ ವಿಲ್ಫ್ ಹೊರಟೇಬಿಟ್ಟಿದ್ದ, ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಮೊಂಡ, ಮೊದಲಿಂದಲೂ ಮೊಂಡ, ಬೆಳ್ಳನೆ ಬಡಕಲು ಕಾಲು, ಹತ್ತು ಹೆಜ್ಜೆ, ಇಪ್ಪತ್ತು, ಹಿಂತಿರುಗಿ ನೋಡುವುದಿಲ್ಲ, ನೋಡಿದರೆ ಅವಳು ಬೇಡ ಅನ್ನುತ್ತಾಳೆಂದು ಗೊತ್ತು ಅವನಿಗೆ — ನಿಂತ. ಕೈ ಎದೆಯ ಮೇಲೆ ಹೋಯಿತು. ಬರೀ ದಣಿವೋ ಏನೋ, ಇಲ್ಲವೋ, ಕೆಟಲ್ ಉರುಳಿತು, ಉರುಳಲಿ, ಆಲ್ಮಾ ಬರಿಗಾಲಲ್ಲೇ ಎದ್ದಿದ್ದಾಳೆ, ಗೆರೆ ದಾಟಿದ್ದಾಳೆ, ಅವನ ಹೆಜ್ಜೆಗುರುತಿನ ಮೇಲೆ ಒಂದು, ಮುಂದಿನದರ ಮೇಲೆ ಇನ್ನೊಂದು, ಒಂದು ಬೆರಳಗಲ ಆಚೀಚೆ ಆಗದಂತೆ, ಉಸಿರು ಬಿಗಿಹಿಡಿದು, ಅವನ ಬೆನ್ನ ಹಿಂದೆ ಬಂದು ನಿಂತಳು. ಏನಾಯ್ತು, ನೋವಾ? ಏನಿಲ್ಲ ಕಣೇ, ಸುಧಾರಿಸ್ಕೋತಿದ್ದೆ, ಅಂದ, ತಿರುಗಿ ಮರಳು ನೋಡಿದ, ಅಲ್ಲಿ ಒಬ್ಬನದೇ ಹೆಜ್ಜೆಸಾಲು. ಇದೇನೇ, ನನ್ನ ಹೆಜ್ಜೆ ಮೇಲೇ ನಡ್ಕೊಂಡ್ ಬಂದಿದ್ದೀಯ, ಪಕ್ಕಕ್ ಬಾ, ಹಿಂದೆ ನಿಂತ್ರೆ ಕೈ ಹೆಂಗ್ ಹಿಡ್ಕೊಳ್ಳೋದು? ಅವನ ಕೈ ಪಕ್ಕಕ್ಕೆ ಚಾಚಿದೆ, ಅದರ ಕೆಳಗೆ ಮರಳು, ಒದ್ದೆ, ನುಣ್ಣಗೆ, ಯಾರ ಗುರುತೂ ಇಲ್ಲ, ಈ ಕೈಯನ್ನು ಮೂರೇ ದಿನ ಹಿಡಿಯಬಹುದೋ ಏನೋ, ಮರಳು, ಬಲಗಾಲು ಎತ್ತಿದಳು, ದೇವರೇ, ಯಾರ ಗುರುತೂ ಇಲ್ಲದ ಮರಳು, ಇಟ್ಟಳು — ತಣ್ಣಗಿದೆ — ಐದು ಬೆರಳು, ಒಂದು ಹಿಮ್ಮಡಿ, ಅವನ ಹೆಜ್ಜೆಯ ಪಕ್ಕ ಅವಳದು, ಐದು ಬೆರಳು, ಒಂದು ಹಿಮ್ಮಡಿ