ಟೈರು ಹುಟ್ಟಿದ ವಾರ

“ಟೈರಿಗೆ ಹುಟ್ಟಿದ ದಿನ ಬೇರೆ ಕೇಡು! ಕೇಕ್ ತರಿಸಲಾ? ಮೇಣದಬತ್ತಿ ಹಚ್ಚಿ ಮೂವರೂ ಚಪ್ಪಾಳೆ ತಟ್ಟೋಣವಾ?”

ನಾನು ಕೂಗಿದ ರಭಸಕ್ಕೆ ಶೋರೂಮಿನ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಹೆಂಗಸೊಬ್ಬರು ಕಾಲು ಕೆಳಗಿಳಿಸಿದರು. ನನ್ನ ಡ್ರೈವರ್ ಮೆಲ್ಲಣ್ಣ ಮಾತ್ರ ಅಲುಗಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಹೊಸ ಟೈರಿನ ಪಕ್ಕೆಯ ಮೇಲಿಟ್ಟ ಹೆಬ್ಬೆರಳನ್ನು ಅಲ್ಲಿಂದ ಎತ್ತಲೇ ಇಲ್ಲ.

“ದಿನ ಅಲ್ಲ ಯಜಮಾನ್ರೇ, ವಾರ. ಈ ನಾಲ್ಕು ಅಂಕಿ ನೋಡಿ. ಮೊದಲಿನೆರಡು ವಾರ, ಆಮೇಲಿನೆರಡು ವರ್ಷ. ಈ ಟೈರು ಹುಟ್ಟಿ ಆರು ವರ್ಷ ಆಯ್ತು. ಗೋಡೌನಲ್ಲಿ ಕೂತು ಕೂತೇ ಮುದಿಯಾಗಿದೆ.”

“ಅದು ಮಾಡೆಲ್ ನಂಬರು,” ಎಂದ ನನ್ನ ಭಾವಮೈದುನ.

ಇವನು ನನ್ನ ಹೆಂಡತಿಯ ಒಬ್ಬನೇ ತಮ್ಮ. ಈ ಶೋರೂಮಿನಲ್ಲಿ ಸರ್ವಿಸ್ ಸಲಹೆಗಾರ. ಮನೆಯಲ್ಲಿ ಬಲ್ಬು ಹೋದರೆ ಅಕ್ಕನನ್ನು ಕೂಗುವವನು ಇಲ್ಲಿ ಕುತ್ತಿಗೆಗೆ ಟೈ ಬಿಗಿದುಕೊಂಡು ಲೋಕಕ್ಕೆಲ್ಲ ಸಲಹೆ ಕೊಡುತ್ತಾನೆ.

ನನ್ನದು ಗಾಜಿನ ಅಂಗಡಿ. ಅಳತೆಗೆ ಕತ್ತರಿಸಿದ ಗಾಜನ್ನು ಪಿಕಪ್ಪಿನ ಹಿಂದೆ ಮರದ ಚೌಕಟ್ಟಿಗೆ ಒರಗಿಸಿ ಕಟ್ಟಿ ಒಯ್ಯುತ್ತೇವೆ. ಹನ್ನೊಂದು ವರ್ಷದಿಂದ ಆ ಗಾಡಿ ಓಡಿಸುವವನು ಮೆಲ್ಲಣ್ಣ. ಹೆತ್ತವರಿಟ್ಟ ಹೆಸರು ಅವನಿಗೇ ಮರೆತಿರಬೇಕು. ಗಾಜು ಏರಿಸುವಾಗ, ಇಳಿಸುವಾಗ “ಮೆಲ್ಲಗೆ, ಮೆಲ್ಲಗೆ” ಎನ್ನುತ್ತಲೇ ಇರುವುದರಿಂದ ಈ ಹೆಸರು ಅಂಟಿಕೊಂಡಿತು. ಇಷ್ಟು ವರ್ಷದಲ್ಲಿ ಒಡೆದದ್ದು ಎರಡೇ ಗಾಜು. ಎರಡೂ ನನ್ನ ಕೈಯಲ್ಲಿ, ಸಿಟ್ಟು ಬಂದಾಗ.

ಹೋದ ವಾರ ಇಳಿಜಾರಿನಲ್ಲಿ ಹಿಂದಿನ ಟೈರು ಸಿಡಿಯಿತು. ಗಾಡಿ ಕುಡಿದವನ ಹಾಗೆ ಓಲಾಡಿತಂತೆ. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದ. ಗಾಜಿಗೆ ಒಂದು ಗೀರೂ ಬೀಳಲಿಲ್ಲ. ಅವನು ಮಾತ್ರ ಸಂಜೆಯವರೆಗೂ ಉಳಿದ ಮೂರು ಟೈರಿನ ಪಕ್ಕೆ ಒತ್ತಿ ಒತ್ತಿ ನೋಡುತ್ತಲೇ ಇದ್ದ. ನಾಲ್ಕೂ ಟೈರು ಬದಲಿಸೋಣ ಎಂದೆ. ಅಂಗಡಿ ಹಿಂದಿನ ಬೀದಿಯ ಟೈರಿನವನ ಹತ್ತಿರ ಭಾರ ಹೊರುವಂಥ ದಪ್ಪ ಪಕ್ಕೆಯ ಟೈರು ನೋಡಿಟ್ಟಿದ್ದೇನೆ ಎಂದ. ಆಗಲಿ ಎಂದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನಗೆ ಮದುವೆಯಾಗಿದೆಯಲ್ಲ.

“ನನ್ನ ತಮ್ಮ ಶೋರೂಮಲ್ಲಿರುವಾಗ ಬೀದಿಬದಿಯವನ ಹತ್ರ ಹೋಗ್ತೀರಾ? ಅವನ ಮುಖಕ್ಕೆ ಮಸಿ ಬಳೀಬೇಕು ಅಂತಿದ್ರೆ ಹೋಗಿ,” ಎಂದಳು ಹೆಂಡತಿ.

ಹೀಗೆ ನನ್ನ ಸ್ವಂತ ತೀರ್ಮಾನದಿಂದ ನಾನು ಶೋರೂಮಿಗೆ ಬಂದೆ.

“ಭಾವ, ಇದು ಕಂಪನಿ ಶಿಫಾರಸು. ರೋಡಲ್ಲಿ ಬೆಣ್ಣೆ ಥರ ಹೋಗುತ್ತೆ,” ಎಂದ ಭಾವಮೈದುನ.

“ಬೆಣ್ಣೆ ಬಿಸಿಲಿಗೆ ಕರಗುತ್ತೆ ಸಾರ್,” ಎಂದ ಮೆಲ್ಲಣ್ಣ. “ಇದು ಕಾರಿನ ಟೈರು. ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ತಿರುಗಾಡೋಕೆ ಚೆನ್ನಾಗಿದೆ. ನಾನು ಕೂರಿಸ್ಕೊಳ್ಳೋದು ಗಾಜನ್ನ.”

“ನೀನೇನು ಎಂಜಿನಿಯರಾ?”

“ಅಲ್ಲ ಸಾರ್. ನೀವು?”

ಭಾವಮೈದುನ ಟೈ ಸಡಿಲಿಸಿಕೊಂಡ. ನನಗೆ ನಗು ಬಂತು. ಆಗಲೇ ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಅವನ ಮೇಲಿನವನು, ಮ್ಯಾನೇಜರು, ಸೆಂಟಿನ ಘಮದ ಹಿಂದೆ ಹಿಂದೆಯೇ ಬಂದು, ಮೆಲ್ಲಣ್ಣನ ತಲೆಯ ಮೇಲಿಂದ ಕೈ ಚಾಚಿ ನನಗೆ ಪುಕ್ಕಟೆ ಕಾಫಿ ಕೊಟ್ಟ.

“ಡ್ರೈವರ್‌ಗಳು ಹೀಗೇ ಸಾರ್. ಅವರು ಹೇಳ್ತಾರೆ, ನಾವು ಕೇಳಿಸ್ಕೋತೀವಿ. ಆದ್ರೆ ಕೊನೇ ಮಾತು ಓನರ್‌ದೇ ಅಲ್ವಾ?”

ಓನರ್! ಮನೆಯಲ್ಲಿ ಟೀವಿ ರಿಮೋಟಿಗೂ ಓನರ್ ಆಗದ ನನ್ನ ಎದೆ ಆ ಒಂದು ಮಾತಿಗೆ ಎರಡು ಇಂಚು ಉಬ್ಬಿತು.

ಮೆಲ್ಲಣ್ಣ ಎದ್ದು ನನ್ನ ಹತ್ತಿರ ಬಂದು ದನಿ ತಗ್ಗಿಸಿದ. “ಯಜಮಾನ್ರೇ, ಮೂಲೇಲಿರೋ ಮುದ್ರೆ ಓದದೆ ಗಾಜು ಕೊಳ್ಳಬೇಡಿ ಅಂತ ಗಿರಾಕಿಗಳಿಗೆ ದಿನಾ ಹೇಳ್ತೀರಿ. ಇದೂ ಅದೇ. ಒಂದ್ಸಲ ಬಗ್ಗಿ ನೋಡಿ, ಸಾಕು.”

ಅವನು ಹೇಳಿದ್ದು ನಿಜ. ಸುಳ್ಳಾಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಮ್ಯಾನೇಜರ್ ನೋಡುತ್ತಿದ್ದ, ಸೋಫಾದ ಹೆಂಗಸು ನೋಡುತ್ತಿದ್ದರು. ಅವರೆದುರು ನಾನು ನೆಲಕ್ಕೆ ಬಗ್ಗಬೇಕಂತೆ, ಅದೂ ಡ್ರೈವರ್ ಹೇಳಿದನೆಂದು!

“ಗಾಡಿ ನಂದು,” ಎಂದೆ. “ನೀನಿರೋದು ಸ್ಟೇರಿಂಗ್ ತಿರುಗಿಸೋಕೆ. ಓದೋಕಲ್ಲ.”

ಮೆಲ್ಲಣ್ಣ ಟೈರಿನ ಧೂಳು ಹತ್ತಿದ್ದ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

“ಗಾಡಿ ನಿಮ್ದೇ,” ಎಂದ ಅವನು. “ಬ್ರೇಕ್ ಒತ್ತಿದಾಗ ಹನ್ನೆರಡು ಗಾಜು ಬಂದು ನಿಲ್ಲೋದು ನನ್ನ ಕತ್ತಿನ ಹಿಂದೆ.”

ನಾನು ರುಜು ಹಾಕಿದೆ. ತುಂಬ ಚೆಂದದ ರುಜು, ಅಡಿಯಲ್ಲಿ ಗೆರೆ ಬೇರೆ ಎಳೆದೆ.

ಟೈರು ಹಾಕುವಷ್ಟು ಹೊತ್ತೂ ಮೆಲ್ಲಣ್ಣ ವರ್ಕ್‌ಶಾಪಿನ ಗಾಜಿನ ಗೋಡೆಯ ಹತ್ತಿರ ನಿಂತಿದ್ದ. ಗಾಡಿ ಲಿಫ್ಟಿನಿಂದ ಇಳಿದು ಅಂಗಳಕ್ಕೆ ಬಂತು. ಅವನು ಕೀಲಿ ಇಸಿದುಕೊಂಡು ಗಾಡಿಯ ಹತ್ತಿರ ಹೋದ, ಬಾಗಿಲು ತೆಗೆದ, ಹಾಕಿದ. ಮತ್ತೆ ಒಳಗೆ ಬಂದು ನನ್ನ ಮುಂದಿದ್ದ ಗಾಜಿನ ಮೇಜಿನ ಮೇಲೆ ಕೀಲಿ ಇಟ್ಟ. ಕಬ್ಬಿಣದ ಗೊಂಚಲು ಗಾಜಿನ ಮೇಲೆ ಕೂತರೂ ಒಂದು ಸಣ್ಣ ಸದ್ದಾಗಲಿಲ್ಲ.

“ಮೆಲ್ಲಗೆ ಓಡಿಸಿ,” ಎಂದು ಹೊರಗೆ ಹೋದ.

ಹೋಗಲಿ ಎಂದುಕೊಂಡೆ. ಹಿಂದೆಯೂ ಮೂರು ಸಲ ಹೀಗೆ ಎದ್ದುಹೋಗಿದ್ದ. ಮೂರು ಸಲವೂ ನಾನು ಟೀ ಮುಗಿಸುವುದರೊಳಗೆ ಬಂದು “ಹೊರಡೋಣ್ವಾ?” ಎಂದಿದ್ದ. ಕಾಫಿ ಮುಗಿಸಿದೆ. ಬರಲಿಲ್ಲ. ಇನ್ನೊಂದು ತರಿಸಿಕೊಂಡೆ. ಮೂರನೆಯದಕ್ಕೆ ಕಾಫಿ ಯಂತ್ರದ ಹುಡುಗಿ ನನ್ನನ್ನು ಒಂಥರಾ ನೋಡಿದಳು.

ಭಾವಮೈದುನ ನಗುನಗುತ್ತ ಟ್ಯಾಬ್ ಹಿಡಿದು ಬಂದ. “ಭಾವ, ನಮ್ಮ ಸೇವೆ ಹೇಗಿತ್ತು? ಐದು ನಕ್ಷತ್ರ ಒತ್ತಿಬಿಡಿ. ನಾಲ್ಕು ಒತ್ತಿದ್ರೆ ಮೇಲಿನವರು ಬೈತಾರೆ.”

ಒತ್ತಿದೆ. ಸಂಬಂಧಿಕನಲ್ಲವೇ.

ಅಂಗಳಕ್ಕೆ ಬಂದು ಗಾಡಿ ನೋಡಿದೆ. ನಾಲ್ಕೂ ಟೈರು ಮದುಮಗನ ಬೂಟಿನ ಹಾಗೆ ಮಿರಮಿರ ಮಿಂಚುತ್ತಿದ್ದವು. ಆ ನಾಲ್ಕು ಅಂಕಿ ಎಲ್ಲಿವೆ ಎಂದು ಹುಡುಕಿದೆ. ಒಂದರಲ್ಲೂ ಇಲ್ಲ. ಮೆಲ್ಲಣ್ಣ ಹೆಬ್ಬೆರಳಿಟ್ಟ ಟೈರಿನಲ್ಲೂ ಇಲ್ಲ. ಆಮೇಲೆ ಹೊಳೆಯಿತು: ಅಂಕಿಯಿರುವ ಪಕ್ಕೆಯನ್ನು ಒಳಕ್ಕೆ ತಿರುಗಿಸಿ ಕೂರಿಸಿದ್ದಾರೆ. ಬರೀ ಮಾಡೆಲ್ ನಂಬರಿಗೆ ಅಷ್ಟೊಂದು ನಾಚಿಕೆ!

ಬಿಳಿ ಅಂಗಿ ತೊಟ್ಟಿದ್ದ ಈ ಓನರ್ ನೆಲದ ಮೇಲೆ ಅಂಗಾತ ಮಲಗಿ ಗಾಡಿಯಡಿ ತೆವಳಿದ. ಫೋನಿನ ಬೆಳಕು ಬಿಟ್ಟು ಒಂದೊಂದನ್ನೇ ಓದಿದೆ. ಮೂರು ಟೈರು ಆರು ವರ್ಷದವು. ನಾಲ್ಕನೆಯದು ಏಳು.

“ಮೆಲ್ಲಣ್ಣಾ!” ಅಡಿಯಿಂದಲೇ ಕೂಗಿದೆ. “ನೀನು ಹೇಳಿದ್ದೇ ಸರಿ ಕಣಯ್ಯಾ! ಬಾ ಇಲ್ಲಿ, ಇವರಿಗೆ ಗ್ರಹಚಾರ ಬಿಡಿಸೋಣ!”

ಗಾಡಿಯಾಚೆ ಎರಡು ಕಾಲು ಬಂದು ನಿಂತವು. ಪಾಲಿಶ್ ಹಾಕಿದ ಬೂಟು. “ಭಾವ, ಏನಾದ್ರೂ ಬಿತ್ತಾ?”

ಎದ್ದು ಗಾಡಿಯ ಬಾಗಿಲು ತೆಗೆದೆ. ಹನ್ನೊಂದು ವರ್ಷದಿಂದ ಡ್ರೈವರ್ ಸೀಟಿನ ಬೆನ್ನಿಗೆ ಒಂದು ಹಳೆಯ ದಿಂಬು ಒರಗಿರುತ್ತಿತ್ತು. ಅವನ ಮಗಳು ಹೊಲಿದುಕೊಟ್ಟದ್ದು. ಸೀಟಿನ ಮೇಲೆ ಅದರ ಗುರುತು ಮಾತ್ರ ಇತ್ತು, ದಿಂಬು ಇರಲಿಲ್ಲ.

ಗೇಟಿನವರೆಗೆ ಓಡಿದೆ. ರಸ್ತೆಯ ಎರಡೂ ಕಡೆ ನೋಡಿದೆ. ಫೋನ್ ಮಾಡಿದೆ. ಎತ್ತಲಿಲ್ಲ. ಇವತ್ತಿಗೂ ಎತ್ತಿಲ್ಲ.